ಮೂವತ್ತು ವರ್ಷ ಹೇಳಿದ ಕತೆ

ಉಪಾಧ್ಯಾಯನ ಜೀವನ ನಿವೃತ್ತಿಯ ದಿನಕ್ಕೆ ಮುಗಿಯಿತೆಂಬುದು ಲೋಕದ ಎಣಿಕೆ. ಒಂದು ಸಭೆ, ಒಂದು ಹಾರ, ನಾಲ್ಕು ಒಳ್ಳೆಯ ಮಾತು. ಆ ಮೇಲೆ ಆತನ ಹೆಸರು ಹಳೆಯ ಹಾಜರಿ ಪುಸ್ತಕಗಳೊಡನೆ ಬೀರುವನ್ನು ಸೇರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯೂ ಉಂಟು. ಲೋಕದ ಎಣಿಕೆಯನ್ನೂ ಗಾದೆಯ ಮಾತನ್ನೂ ಏಕಕಾಲಕ್ಕೆ ಸುಳ್ಳಾಗಿಸಿದವರು ನ್ಯೂಯಾರ್ಕ್ ನಗರದ ಉಪಾಧ್ಯಾಯ ಫ್ರ್ಯಾಂಕ್ ಮೆಕೋರ್ಟ್. 1987ರಲ್ಲಿ ಶಾಲೆಯಿಂದ ನಿವೃತ್ತರಾದ ಅವರ ಮೊದಲ ಪುಸ್ತಕ ಹೊರಬಂದದ್ದು 1996ರಲ್ಲಿ. ಆಗ ಅವರಿಗೆ ಅರವತ್ತಾರು ವರ್ಷ.

ಮೆಕೋರ್ಟ್ ಹುಟ್ಟಿದ್ದು 1930ರ ಆಗಸ್ಟ್ 19ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದವರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅಮೆರಿಕದಲ್ಲಿ ಕೂಳು ಹುಟ್ಟದೆ ಸಂಸಾರವು ಮರಳಿ ಐರ್ಲೆಂಡಿಗೆ ಹೋಗಿ, ತಾಯಿಯ ತವರೂರಾದ ಲಿಮೆರಿಕ್ ಪಟ್ಟಣದ ಬಡವರ ಓಣಿಯೊಂದರಲ್ಲಿ ನೆಲಸಿತು. ತಂದೆಗೆ ಕೆಲಸ ದೊರೆತರೆ ಉಳಿಯದು. ಉಳಿದಷ್ಟು ದಿನದ ಕೂಲಿಯೂ ಹೆಂಡದ ಅಂಗಡಿಯನ್ನು ದಾಟಿ ಮನೆಗೆ ಬಾರದು. ಏಳು ಮಕ್ಕಳಲ್ಲಿ ಮೂವರು ಎಳೆತನದಲ್ಲಿಯೇ ತೀರಿಕೊಂಡರು. ಮಳೆಗಾಲದಲ್ಲಿ ಮನೆಯ ಕೆಳಭಾಗಕ್ಕೆ ನೀರು ನುಗ್ಗಿದಾಗ ಎಲ್ಲರೂ ಮೇಲಿನ ಕೋಣೆಗೆ ಸಾಗುವರು. ಹತ್ತನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂದು ಆಸ್ಪತ್ರೆ ಸೇರಿದ ಹುಡುಗನಿಗೆ, ಹೊಟ್ಟೆ ತುಂಬ ಊಟವೂ ಷೇಕ್ಸ್‌ಪಿಯರನ ಮಾತುಗಳೂ ಅಲ್ಲಿಯೇ ದೊರೆತವು. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯ ನಂಟು ಕಡಿದು, ಆತ ಅಂಚೆ ಕಛೇರಿಯಲ್ಲಿ ತಂತಿ ಹಂಚುವ ಹುಡುಗನಾದ.

ಪೈಸೆಗೆ ಪೈಸೆ ಕೂಡಿಟ್ಟು, 1949ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಮೆಕೋರ್ಟ್ ಹಡಗು ಹತ್ತಿ ನ್ಯೂಯಾರ್ಕಿಗೆ ಮರಳಿದರು. ಅಲ್ಲಿ ದೊರೆತದ್ದು ದೊಡ್ಡ ಹೋಟೆಲೊಂದರ ಮೊಗಸಾಲೆಯನ್ನು ಗುಡಿಸಿ ಒರೆಸುವ ಚಾಕರಿ. ಅಷ್ಟರಲ್ಲಿ ಕೊರಿಯಾದ ಯುದ್ಧ ಆರಂಭವಾಗಿ, ಕಡ್ಡಾಯ ಸೈನ್ಯಸೇವೆಯ ಕರೆ ಬಂದಿತು. ದಂಡಿಗೆ ಸೇರಿದ ಅವರನ್ನು ಸರ್ಕಾರವು ಕೊರಿಯಾಕ್ಕೆ ಕಳುಹಿಸದೆ ಜರ್ಮನಿಯ ಬವೇರಿಯ ಪ್ರಾಂತಕ್ಕೆ ಕಳುಹಿಸಿತು. ಮೊದಲು ನಾಯಿಗಳನ್ನು ಪಳಗಿಸುವ ಕೆಲಸ, ಬಳಿಕ ಬೆರಳಚ್ಚು ಗುಮಾಸ್ತೆಯ ಕೆಲಸ. ರಣರಂಗವನ್ನು ಅವರು ಕಾಣಲಿಲ್ಲ. ಎದೆಯ ಮೇಲೆ ಪದಕಗಳು ತೂಗಲಿಲ್ಲ. ಆದರೆ ಸೈನ್ಯದಲ್ಲಿ ದುಡಿದು ಬಂದವರ ವ್ಯಾಸಂಗಕ್ಕೆ ಸರ್ಕಾರವೇ ಹಣ ಕೊಡುವ ಕಾನೂನು ಅಲ್ಲಿ ಇದ್ದಿತು. ಪ್ರೌಢಶಾಲೆಯ ಮೆಟ್ಟಿಲನ್ನೇ ತುಳಿಯದಿದ್ದ ಈ ಮಾಜಿ ಸೈನಿಕರು ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ, ತಾವು ಓದಿದ ಪುಸ್ತಕಗಳನ್ನೇ ಯೋಗ್ಯತಾಪತ್ರವಾಗಿ ಮುಂದಿಟ್ಟು ಪ್ರವೇಶ ಬೇಡಿದರು. ಅಧಿಕಾರಿಗಳು ಪರೀಕ್ಷಾರ್ಥವಾಗಿ ಒಳಗೆ ಬಿಟ್ಟುಕೊಂಡರು. 1957ರಲ್ಲಿ ಮೆಕೋರ್ಟ್ ಪದವೀಧರರಾದರು. ಯುದ್ಧಕ್ಕೆಂದು ಕರೆದೊಯ್ದ ದಂಡೇ ಅವರನ್ನು ಹೀಗೆ ವಿದ್ಯೆಯ ಬಾಗಿಲಿಗೆ ತಂದು ಬಿಟ್ಟಿತು.

1958ರಲ್ಲಿ ಸ್ಟೇಟನ್ ದ್ವೀಪದ ಮೆಕೀ ವೃತ್ತಿಶಿಕ್ಷಣ ಶಾಲೆಯಲ್ಲಿ ಉಪಾಧ್ಯಾಯ ವೃತ್ತಿ ಮೊದಲಾಯಿತು. ಅಲ್ಲಿನ ಮಕ್ಕಳು ಕೈಕಸಬನ್ನು ಕಲಿತು ಬೇಗನೆ ಸಂಪಾದನೆಗೆ ತೊಡಗಬೇಕಾದವರು. ಸಾಹಿತ್ಯವೆಂದರೆ ಅವರಿಗೆ ಆಕಳಿಕೆ. ಮೊದಲ ದಿನವೇ ಹುಡುಗನೊಬ್ಬ ತನ್ನ ಮಧ್ಯಾಹ್ನದ ಬುತ್ತಿಯ ಸ್ಯಾಂಡ್‌ವಿಚ್ಚನ್ನು ಇನ್ನೊಬ್ಬನತ್ತ ಎಸೆದ. ಹೊಸ ಮೇಷ್ಟರು ಅದನ್ನು ನೆಲದಿಂದ ಎತ್ತಿ, ಕಾಗದ ಬಿಚ್ಚಿ, ತರಗತಿಯ ಮುಂದೆಯೇ ನಿಂತು ತಿಂದುಬಿಟ್ಟರಂತೆ. ಲಿಮೆರಿಕ್ಕಿನ ಹಸಿವನ್ನು ಕಂಡವರಿಗೆ ಆಹಾರವನ್ನು ನೆಲಕ್ಕೆ ಬಿಡುವುದು ಸಾಧ್ಯವಿರಲಿಲ್ಲ. ತರಗತಿ ತೆಪ್ಪಗಾಯಿತು. ಕಿಟಕಿಯಿಂದ ಇದನ್ನು ಕಂಡ ಮುಖ್ಯೋಪಾಧ್ಯಾಯರಿಂದ ಮಾತ್ರ ಛೀಮಾರಿ ತಪ್ಪಲಿಲ್ಲ.

ಶಾಲೆಗೆ ತಪ್ಪಿಸಿಕೊಂಡ ಮಕ್ಕಳು ತಂದೆತಾಯಿಗಳ ಹೆಸರಿನಲ್ಲಿ ತಾವೇ ಕ್ಷಮಾಪಣೆಯ ಚೀಟಿ ಬರೆದು ತರುವುದು ಎಲ್ಲ ದೇಶದಲ್ಲಿಯೂ ಇರುವ ವಿದ್ಯೆ. ಬೇರೆಯವರು ಇದಕ್ಕೆ ಬೆತ್ತ ಹುಡುಕುತ್ತಿದ್ದರು. ಮೆಕೋರ್ಟ್ ಆ ಚೀಟಿಗಳಲ್ಲಿ ಸಾಹಿತ್ಯವನ್ನು ಕಂಡರು. ಪ್ರಬಂಧ ಬರೆಯೆಂದರೆ ಲೇಖನಿ ಕಚ್ಚುವ ಹುಡುಗರು ಇಲ್ಲಿ ಎಂತಹ ಕಲ್ಪನೆ, ಎಂತಹ ಸರಾಗ! ಹಾಗಾದರೆ ಆದಾಮನು ದೇವರಿಗೆ ಬರೆದ ಕ್ಷಮಾಪಣೆಯ ಚೀಟಿಯನ್ನು ಬರೆಯಿರಿ, ಈವಳದನ್ನೂ ಬರೆಯಿರಿ ಎಂದು ಅವರು ಪಾಠವನ್ನೇ ಹೂಡಿದರು. ಗಂಟೆ ಬಾರಿಸಿದರೂ ಮಕ್ಕಳು ಏಳಲೊಲ್ಲರು.

ಕೊನೆಯ ವರ್ಷಗಳಲ್ಲಿ ಅವರು ಪಾಠ ಹೇಳಿದ್ದು ಪ್ರಸಿದ್ಧವಾದ ಸ್ಟೈವೆಸಂಟ್ ಪ್ರೌಢಶಾಲೆಯಲ್ಲಿ. ಮೆಕೀಯ ಮಕ್ಕಳಂತೆ ಅಲ್ಲಿನ ಜಾಣ ಮಕ್ಕಳೂ ಅವರ ಬಾಲ್ಯದ ಕತೆಗಳನ್ನು ಕೇಳಲು ಹಾತೊರೆಯುತ್ತಿದ್ದರು. ವ್ಯಾಕರಣವನ್ನು ತಪ್ಪಿಸಲು ಮಕ್ಕಳು ಹೂಡುವ ಉಪಾಯವಿದೆಂದು ಬಲ್ಲರೂ ಮೇಷ್ಟರು ಹೇಳುತ್ತಿದ್ದರು. ಹೇಳುತ್ತ ಹೇಳುತ್ತ, ಯಾವ ಮಾತಿಗೆ ತರಗತಿ ಮೌನವಾಗುತ್ತದೆ, ಯಾವುದಕ್ಕೆ ನಗುತ್ತದೆ ಎಂಬುದು ಅವರಿಗೆ ತಿಳಿಯುತ್ತ ಬಂದಿತು. ಬರೆಯಿರಿ ಎಂದು ಮಕ್ಕಳಿಗೆ ಬೋಧಿಸುವ ತಾವೇಕೆ ಬರೆಯಲಿಲ್ಲವೆಂಬ ಪ್ರಶ್ನೆಯೂ ಜೊತೆಗೆ ಬೆಳೆಯಿತು.

ಉತ್ತರ ಸುಲಭವಿರಲಿಲ್ಲ. ಬಡತನವನ್ನು ಹೇಳುವುದೆಂದರೆ ತಾಯಿಯ ಕಷ್ಟವನ್ನು ಮಾತ್ರವಲ್ಲ, ಅವಮಾನವನ್ನೂ ಹೇಳಬೇಕು. ಹಿಂದೊಮ್ಮೆ ಅವರೂ ತಮ್ಮ ಮಲಾಕಿಯೂ ರಂಗದ ಮೇಲೆ ಬಾಲ್ಯದ ಪ್ರಸಂಗಗಳನ್ನು ಅಭಿನಯಿಸುತ್ತಿದ್ದಾಗ, ಪ್ರೇಕ್ಷಕರ ನಡುವೆ ಕುಳಿತಿದ್ದ ತಾಯಿ ಎದ್ದು ನಿಂತು ಇದೆಲ್ಲ ಸುಳ್ಳೆಂದು ಕೂಗಿದ್ದರು. ಆ ತಾಯಿ ಏಂಜೆಲಾ 1981ರಲ್ಲಿ ತೀರಿಕೊಂಡರು. ಮಗನ ಪುಸ್ತಕ ಹದಿನೈದು ವರ್ಷಗಳ ಮೇಲೆ ಆಕೆಯ ಹೆಸರನ್ನೇ ಹೊತ್ತು, ‘ಏಂಜೆಲಾಸ್ ಆ್ಯಷಸ್’ ಎಂದು ಬಂದಿತು. ದೊಡ್ಡವನ ದೂರುಗಳನ್ನು ಬದಿಗಿಟ್ಟು, ಎಲ್ಲವನ್ನೂ ಕಣ್ಣೆದುರು ಈಗಲೇ ನಡೆಯುತ್ತಿರುವಂತೆ ಹುಡುಗನ ಬಾಯಿಂದಲೇ ಹೇಳಿಸಿದ್ದು ಅದರ ವಿಶೇಷ. ಹುಡುಗನು ಯಾರನ್ನೂ ತೀರ್ಪಿಗೆ ಎಳೆಯುವುದಿಲ್ಲ. ಆದುದರಿಂದ ಕುಡುಕ ತಂದೆಯ ಮೇಲೆಯೂ ಓದುಗನಿಗೆ ಅಕ್ಕರೆ ಹುಟ್ಟುತ್ತದೆ.

1997ರಲ್ಲಿ ಆ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 1999ರಲ್ಲಿ ಅದು ಚಲನಚಿತ್ರವಾಯಿತು. ಲಿಮೆರಿಕ್ಕಿನಲ್ಲಿ ಮಾತ್ರ ಅಭಿಪ್ರಾಯ ಎರಡಾಯಿತು. ಊರಿನ ಬಡತನವನ್ನು ಹಿಗ್ಗಿಸಿ ಬರೆದರು, ಹೆತ್ತವಳ ಮಾನವನ್ನು ಬೀದಿಗೆ ತಂದರು ಎಂದು ಕೆಲವರು ಸಿಡಿಮಿಡಿಗೊಂಡರು. ಅದೇ ಊರಿನ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಎರಡು ಕಡೆಯೂ ನ್ಯಾಯವುಂಟು. ಮನೆಯ ಗುಟ್ಟು ಮನೆಯಲ್ಲಿರಬೇಕೆಂಬ ತಾಯಿಯ ಹಟವು ಆಕೆಗೆ ಉಳಿದಿದ್ದ ಏಕೈಕ ಸಿರಿ. ಹೇಳದಿದ್ದರೆ, ಸತ್ತ ಮೂರು ಮಕ್ಕಳ ನೆನಪು ಹೇಳಹೆಸರಿಲ್ಲದೆ ಹೋಗುತ್ತಿತ್ತು ಎಂಬುದೂ ಅಷ್ಟೇ ದಿಟ.

ಉಪಾಧ್ಯಾಯ ವೃತ್ತಿಯ ಅನುಭವಗಳನ್ನು ಮೆಕೋರ್ಟ್ 2005ರಲ್ಲಿ ‘ಟೀಚರ್ ಮ್ಯಾನ್’ ಎಂಬ ಪುಸ್ತಕವಾಗಿ ಬರೆದರು. 2009ರ ಜುಲೈ 19ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ನಿಧನರಾದರು. ಮರುವರ್ಷ ಅದೇ ನಗರದಲ್ಲಿ ಅವರ ಹೆಸರಿನ ಪ್ರೌಢಶಾಲೆಯೊಂದು ಬಾಗಿಲು ತೆರೆಯಿತು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ತಂತಿ ಹಂಚಿದ ಹುಡುಗನ ಹೆಸರನ್ನು ಈಗ ಆ ಶಾಲೆಯ ಮಕ್ಕಳು ದಿನವೂ ತಮ್ಮ ಪುಸ್ತಕಗಳ ಮೇಲೆ ಬರೆದುಕೊಳ್ಳಬಹುದು.