ದುರಸ್ತಿಗಾಗಿ ಕಾಯುವ ಕಾಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಮಲೆನಾಡಿನ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಸಂಗಮಿಸಿ ಹರಿದುಬಂದ ನೀರು ಜಲಾಶಯವನ್ನು ತುಂಬಿದ್ದ ಹೊತ್ತು ಅದು. ತೆರವಾದ ಜಾಗವನ್ನು ಮುಚ್ಚುವ ಸ್ಟಾಪ್‌ಲಾಗ್ ಹಲಗೆಗಳು ಅಣೆಕಟ್ಟೆಯಲ್ಲಿ ಸಿದ್ಧವಿರಲಿಲ್ಲ. ಅವನ್ನು ತಯಾರಿಸಿ ಇಳಿಸುವಷ್ಟರಲ್ಲಿ ಒಂದು ವಾರ ಕಳೆಯಿತು. ಮೂವತ್ತಕ್ಕೂ ಹೆಚ್ಚು ಟಿಎಂಸಿ ಅಡಿ ನೀರು ಹರಿದುಹೋಯಿತು. ಹರಿಯುವ ನೀರಿನ ನಡುವೆ ಪ್ರಾಣದ ಹಂಗು ತೊರೆದು ದುಡಿದ ಕೆಲಸಗಾರರ ಸಾಹಸ ಸ್ತುತ್ಯರ್ಹ. ಆದರೆ ಸಾಹಸದ ಅಗತ್ಯ ಬೀಳುವುದೇ ವ್ಯವಸ್ಥೆಯ ಸೋಲು.

ಆ ವರ್ಷ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. 1953ರಷ್ಟು ಹಳೆಯ 33 ಗೇಟುಗಳನ್ನೂ ಬದಲಿಸಬೇಕೆಂದು ಪರಿಣತರು ಸಲಹೆಯಿತ್ತರು. 2025ರಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಗೊಳಿಸಲಾಯಿತು. ಗೇಟು ಬದಲಾವಣೆಗಾಗಿ ಎರಡನೆಯ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಯಿತು. ತಡವಾದ ದುರಸ್ತಿಯ ಬೆಲೆಯನ್ನು ಕೊನೆಗೆ ಗದ್ದೆಯೇ ತೆತ್ತಿತು.

ದೊಡ್ಡ ಯಂತ್ರವ್ಯವಸ್ಥೆಗಳ ನಿಲುಗಡೆಯಲ್ಲಿ ಕೈಕೆಲಸಕ್ಕಿಂತ ಕಾಯುವಿಕೆಯ ಪಾಲೇ ಅನೇಕ ವೇಳೆ ಹೆಚ್ಚು. ಯಂತ್ರವೊಂದು ವರ್ಷಕ್ಕೆ ಎರಡು ಬಾರಿ ಕೆಡುತ್ತದೆ ಎಂದಿಟ್ಟುಕೊಂಡರೆ ಲೆಕ್ಕ ತಿಳಿಯಾಗುತ್ತದೆ. ಪ್ರತಿ ಸಲ ದುರಸ್ತಿಗೆ 4 ದಿನ, ಬಿಡಿಭಾಗ, ಮಂಜೂರಾತಿ ಮತ್ತು ತಜ್ಞರ ಆಗಮನಕ್ಕೆ 16 ದಿನ ಹಿಡಿದರೆ ಅದು ವರ್ಷದಲ್ಲಿ 40 ದಿನ ನಿಂತಿರುತ್ತದೆ, ಲಭ್ಯತೆ ಶೇ. 89. ಕಾಯುವ 16 ದಿನ 4ಕ್ಕೆ ಇಳಿದರೆ ಲಭ್ಯತೆ ಶೇ. 95ನ್ನು ದಾಟುತ್ತದೆ. ಇಂತಹ ಹತ್ತು ಯಂತ್ರಗಳಿರುವೆಡೆ, ಹೊಸದೊಂದರ ಅರ್ಧಕ್ಕೂ ಮಿಕ್ಕಿದ ಸಾಮರ್ಥ್ಯ ಒಂದು ಮರವನ್ನೂ ಕಡಿಯದೆ ದೊರೆತಂತಾಗುತ್ತದೆ.

ಈ ಲೆಕ್ಕ ಮಲೆನಾಡಿಗೆ ಮುಖ್ಯ. ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಸಾಮರ್ಥ್ಯದ ಹತ್ತು ಘಟಕಗಳಿವೆ. ಜಲವಿದ್ಯುತ್ತಿನ ಒಟ್ಟು ಉತ್ಪಾದನೆಯನ್ನು ಜಲಾಶಯದ ನೀರೇ ನಿರ್ಧರಿಸುತ್ತದೆ, ನಿಜ. ಆದರೆ ಬೇಡಿಕೆ ಏರುವ ಸಂಜೆಯ ಹೊತ್ತಿಗೆ ಎಷ್ಟು ಘಟಕಗಳು ಸಿದ್ಧವಾಗಿವೆ ಎಂಬುದು ನಿರ್ವಹಣೆಗೆ ಸೇರಿದ್ದು. ಅದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕಗಳ ಕಾಡನ್ನು ಕೇಳಲಾಗಿದೆ. ನಿರ್ವಹಣೆಯೊಂದೇ ಎಲ್ಲ ಹೊಸ ಯೋಜನೆಗಳಿಗೂ ಪರ್ಯಾಯವಾಗದು. ಆದರೂ ಇರುವುದನ್ನು ಪೂರ್ಣವಾಗಿ ಬಳಸಲಾಗಿದೆಯೇ ಎಂಬ ಪ್ರಶ್ನೆ, ಕಾಡನ್ನು ಕೇಳುವ ಮೊದಲೇ ಉತ್ತರ ಪಡೆಯಬೇಕಾದದ್ದು.

ಪರಿಹಾರಗಳು ಅಸಾಧ್ಯವಾದವಲ್ಲ. ಮಾಡು ಹೊದಿಸುವ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸುವ ಮಲೆನಾಡಿನ ರೈತನಿಗೆ ಇದನ್ನು ಕಲಿಸಬೇಕಿಲ್ಲ. ಗೇಟುಗಳ ತಪಾಸಣೆ ಬೇಸಿಗೆಯಲ್ಲೇ ಮುಗಿಯಬೇಕು. ತಯಾರಾಗಲು ತಿಂಗಳುಗಟ್ಟಲೆ ಹಿಡಿಯುವ ಬಿಡಿಭಾಗಗಳು ಸ್ಥಳದಲ್ಲೇ ದಾಸ್ತಾನಿರಬೇಕು. ತುರ್ತು ವೆಚ್ಚದ ಅಧಿಕಾರ ಸ್ಥಳದ ಎಂಜಿನಿಯರರಿಗೆ ದಕ್ಕಬೇಕು. ನಿವೃತ್ತರಾಗುವ ಫಿಟ್ಟರುಗಳ ಅನುಭವ ಕಿರಿಯರಿಗೆ ದಾಟಬೇಕು. ಎಲ್ಲಕ್ಕೂ ಮಿಗಿಲಾಗಿ, ಯಾವ ಯಂತ್ರ ಎಷ್ಟು ದಿನ, ಯಾವುದಕ್ಕಾಗಿ ಕಾದು ನಿಂತಿತ್ತು ಎಂಬ ವಿವರ ವರ್ಷವರ್ಷವೂ ಜನರ ಮುಂದೆ ಬರಬೇಕು. ಹೊಸ ಯೋಜನೆಯ ಅಹವಾಲು ಸಭೆಗಳಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಮೊದಲು ಕೇಳಬೇಕಾದ ಕಾಗದ ಅದೇ.