ಕುದುರೆ ನನ್ನದು, ಲಗಾಮು ಅವರದು

ಈ ಸಲ ವಿಡಿಯೊ ಗೇಮ್ ಬಗ್ಗೆ ಬರೀತೀನಿ ಅಂದಾಗ ಮನೆಯಲ್ಲಿ ಮೊದಲು ನಕ್ಕವಳು ಅವ್ವ. ನಗಲಿ. ‘ರೆಡ್ ಡೆಡ್ ರಿಡೆಂಪ್ಶನ್ 2’ ಆಟದ ನಾಯಕನಿಗೆ ಏನು ಕಾಯಿಲೆ ಅಂತ ಆಟದೊಳಗಿನ ಡಾಕ್ಟರಿಗಿಂತ ಮೊದಲು ಹೇಳಿದವಳೂ ಅವಳೇ. ಆ ಕಥೆ ಮುಂದೆ ಬರುತ್ತೆ. ಇನ್ನೂ ಆಡದವರಿಗೆ ಒಂದು ಮಾತು: ಕಥೆಯನ್ನು ಸ್ವಲ್ಪ ಬಿಚ್ಚಿಡಲೇಬೇಕಾಗಿದೆ, ಬೇಡ ಅನ್ನುವವರು ಇಲ್ಲೇ ನಿಲ್ಲಿಸಬಹುದು.

ರಾಕ್‌ಸ್ಟಾರ್ ಗೇಮ್ಸ್‌ನ ಈ ಆಟ 2018ರ ಅಕ್ಟೋಬರ್ 26ಕ್ಕೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂತು. ಪಿಸಿಗೆ ಬಂದದ್ದು ಮರುವರ್ಷ ನವೆಂಬರಿನಲ್ಲಿ. ನಾನು ಆಡಿದ್ದು ಅದಕ್ಕೂ ಎಷ್ಟೋ ತಡವಾಗಿ, ವರ್ಕ್ ಫ್ರಂ ಹೋಮ್ ಸಿಕ್ಕು ಬೆಳಗಾವಿಯ ಮನೆಗೆ ವಾಪಸ್ ಬಂದ ಮೇಲೆ, 2024ರ ಮಳೆಗಾಲದಲ್ಲಿ. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಕುದುರೆ, ಪಿಸ್ತೂಲು, ದರೋಡೆಯ ಕಾಲ ಮುಗಿಯುತ್ತ ಬಂದಿದೆ. ರೈಲು, ಬ್ಯಾಂಕು, ಖಾಸಗಿ ಪತ್ತೇದಾರರು ಎಲ್ಲ ಕಡೆ ಹಬ್ಬಿದ್ದಾರೆ. ಡಚ್ ವಾನ್ ಡರ್ ಲಿಂಡ್ ಎಂಬ ಮಾತುಗಾರನ ಗ್ಯಾಂಗು ಓಡುತ್ತಲೇ ಇದೆ. ಆ ಗ್ಯಾಂಗಿನ ಬಲಗೈ ಆರ್ಥರ್ ಮಾರ್ಗನ್. ಅವನೇ ನಾವು.

ಮೊದಲು ಹೊಗಳಿಬಿಡ್ತೀನಿ. ಈ ಆಟ ನಿಧಾನ. ಹೊಗಳಿಕೆಯೇ ಇದು. ಕುದುರೆಗೆ ಮೇವು ಹಾಕಬೇಕು, ಮೈ ಉಜ್ಜಬೇಕು, ಹೆದರಿದಾಗ ಕುತ್ತಿಗೆ ತಟ್ಟಿ ಸಮಾಧಾನ ಮಾಡಬೇಕು. ಬಂದೂಕಿಗೆ ಎಣ್ಣೆ ಹಚ್ಚದಿದ್ದರೆ ಅದು ಕೈ ಕೊಡುತ್ತೆ. ಗಡ್ಡ ತಾನಾಗಿ ಬೆಳೆಯುತ್ತೆ. ಬೇಟೆಯಾಡಿ ತಂದ ಪ್ರಾಣಿಯನ್ನು ಕುದುರೆಯ ಮೇಲೆಯೇ ಬಿಟ್ಟರೆ ಅದು ಕೊಳೆಯುತ್ತೆ. ಒಂದು ಸಂಜೆ ನಾನು ಕುದುರೆಯ ಮೈ ಉಜ್ಜುತ್ತ ಕೂತಿದ್ದಾಗ ಅವ್ವ ಚಹಾ ಇಟ್ಟು ಕೇಳಿದಳು, “ಇದ ಆಟ ಏನೋ ತಮ್ಮಾ? ನಿಮ್ಮಜ್ಜನ ದನಾ ತೊಳ್ಯಾಕ ಬಾ ಅಂದ್ರ ಓಡಿ ಹೋಗತಿದ್ದಿ.” ಉತ್ತರ ಇರಲಿಲ್ಲ.

ನೆಲ ಬದಲಾಗುವ ರೀತಿಯಂತೂ ಅದ್ಭುತ. ಬೆಳಗಾವಿಯಿಂದ ಖಾನಾಪುರಕ್ಕೆ 25 ಕಿಲೋಮೀಟರ್ ಚಿಲ್ಲರೆ. ಬೈಕಿನಲ್ಲಿ ಹೋಗುವವರಿಗೆ ಗೊತ್ತು, ಬಯಲು ಎಲ್ಲಿ ಮುಗಿದು ಕಾಡಿನ ಸೀಮೆ ಎಲ್ಲಿ ಶುರುವಾಯಿತು ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ. ಮಣ್ಣು ಕೆಂಪಾಗುತ್ತೆ, ಹೆಂಚಿನ ಮನೆಗಳು ಹೆಚ್ಚುತ್ತವೆ, ಗಾಳಿ ತಂಪಾಗುತ್ತೆ; ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೊರಳಿದರೆ ಮಂಜು. ಆಟದಲ್ಲೂ ಹಾಗೆಯೇ. ಹಿಮದ ಬೆಟ್ಟದಿಂದ ಇಳಿದು ಹುಲ್ಲುಗಾವಲು ದಾಟಿ ಜೌಗು ನೆಲಕ್ಕೆ ಬರುವ ತನಕ ಎಲ್ಲೂ ಗೆರೆ ಎಳೆದಂತೆ ಕಾಣುವುದಿಲ್ಲ. ಹತ್ತಿರ ಹತ್ತಿರ 200 ಜಾತಿಯ ಪ್ರಾಣಿ ಪಕ್ಷಿಗಳಿವೆ. ಎಷ್ಟೋ ರಾತ್ರಿ ಮಿಷನ್ ಗಿಷನ್ ಏನೂ ಮಾಡದೆ ಸುಮ್ಮನೆ ಸುತ್ತಿದ್ದೇನೆ. ಹೊರಗೆ ಬೆಳಗಾವಿಯ ಮಳೆ, ಹೆಡ್‌ಫೋನಿನಲ್ಲಿ ಅಲ್ಲಿಯ ಮಳೆ.

ಇನ್ನು ಸಿಟ್ಟಿನ ಮಾತು. ಇಷ್ಟು ದೊಡ್ಡ ಜಗತ್ತನ್ನು ಕೈಗೆ ಕೊಟ್ಟು, ಮಿಷನ್ ಶುರುವಾದ ಕೂಡಲೇ ನಮ್ಮನ್ನು ಬಾಲವಾಡಿಯ ಮಕ್ಕಳ ಹಾಗೆ ಸಾಲಾಗಿ ನಡೆಸುತ್ತಾರೆ. ಈ ದಾರಿಯಲ್ಲೇ ಬಾ, ಈ ಬಂಡೆಯ ಹಿಂದೆಯೇ ಕೂರು, ಹೇಳಿದಾಗಲೇ ಗುಂಡು ಹೊಡಿ. ಶತ್ರುಗಳ ಹಿಂದಿನಿಂದ ಬರೋಣ ಅಂತ ಸ್ವಲ್ಪ ದೂರ ಸುತ್ತು ಹಾಕಿದರೆ, ‘ಜೊತೆಗಾರರನ್ನು ಬಿಟ್ಟು ಹೋದಿರಿ’ ಅಂತ ಮಿಷನ್ ಫೇಲ್. ತಲೆ ಓಡಿಸಿದ್ದಕ್ಕೆ ಶಿಕ್ಷೆ! ಜಗತ್ತು ಕಟ್ಟಿದವರು ಒಂದು ಟೀಮು, ಮಿಷನ್ ಬರೆದವರು ಇನ್ನೊಂದು ಟೀಮು, ಇಬ್ಬರೂ ಒಂದೇ ಮೀಟಿಂಗಿಗೆ ಬಂದೇ ಇಲ್ಲ ಅನ್ನಿಸುತ್ತೆ. (ನಮ್ಮ ಆಫೀಸಿನಲ್ಲಿ ನಡೆಯುವುದೂ ಅದೇ, ಬಿಡಿ.) ಬಟನ್‌ಗಳ ಕಥೆ ಬೇರೆ. ಯಾರನ್ನೋ ಮಾತಾಡಿಸಲು ಒತ್ತುವ ಬಟನ್ನೇ, ಕೈಯಲ್ಲಿ ಪಿಸ್ತೂಲಿದ್ದರೆ ಗುರಿ ಇಡುವ ಬಟನ್. ನಮಸ್ಕಾರ ಹೇಳಲು ಹೋಗಿ ಅಂಗಡಿಯವನ ಎದೆಗೆ ಪಿಸ್ತೂಲು ಹಿಡಿದು, ಊರೆಲ್ಲ ಬೆನ್ನು ಹತ್ತಿದ್ದು ನಾನೊಬ್ಬನೇ ಅಲ್ಲ ಅಂದುಕೊಂಡಿದ್ದೇನೆ.

ಆದರೆ ಈ ಕಟ್ಟುನಿಟ್ಟು ಒಂದು ಕಡೆ ಮಾತ್ರ ನನ್ನನ್ನು ಬೇರೆ ಥರ ಕಾಡಿತು. ಗ್ಯಾಂಗಿನಲ್ಲಿ ಸ್ಟ್ರಾಸ್ ಎಂಬ ಲೆಕ್ಕದವನಿದ್ದಾನೆ. ಕಷ್ಟದಲ್ಲಿರುವವರಿಗೆ ಬಡ್ಡಿಗೆ ಸಾಲ ಕೊಡ್ತಾನೆ. ವಸೂಲಿ ಆರ್ಥರ್‌ನ ಪಾಲು. ಆ ಪಟ್ಟಿಯಲ್ಲಿ ಥಾಮಸ್ ಡೌನ್ಸ್ ಎಂಬ ಬಡ ರೈತನ ಹೆಸರಿದೆ. ಅವನನ್ನು ನಾವು ಆಗಲೇ ನೋಡಿರುತ್ತೇವೆ. ವ್ಯಾಲಂಟೈನ್ ಎಂಬ ಊರಿನ ಕೆಸರಿನಲ್ಲಿ ಆರ್ಥರ್ ಒಬ್ಬನನ್ನು ಹೊಡೆದು ಹಾಕುತ್ತಿದ್ದಾಗ, ಸಾಕು ಬಿಡಪ್ಪಾ ಅಂತ ಅಡ್ಡ ಬಂದವನೇ ಅವನು. ಈಗ ಅವನದೇ ಬೇಲಿಯ ಪಕ್ಕ ಅವನನ್ನು ಹೊಡೆಯಬೇಕು. ನಾನು ಹೊಡೆಯಲಿಲ್ಲ. ಕಾದೆ, ಸುತ್ತ ತಿರುಗಿದೆ. ಆಟ ಮುಂದಕ್ಕೆ ಹೋಗಲಿಲ್ಲ. ಬಟನ್ ಒತ್ತಿದ ಮೇಲೆಯೇ ಹೋಯಿತು. ಡೌನ್ಸ್ ಕೆಮ್ಮಿದ, ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯಿತು, ಹೆಂಡತಿ ಮಗ ಓಡಿ ಬಂದರು. ಎಂಥ ಕೆಟ್ಟ ಡಿಸೈನ್, ಆಯ್ಕೆನೇ ಇಲ್ವಲ್ಲ ಅಂತ ಗೊಣಗಿ ಅವತ್ತಿಗೆ ಕಂಪ್ಯೂಟರ್ ಬಂದ್ ಮಾಡಿದೆ.

2025ರ ಸಂಕ್ರಾಂತಿಗೆ ಖಾನಾಪುರ ತಾಲೂಕಿನಲ್ಲಿ, ನಂದಗಡದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಕಾಕುನ ಮನೆಗೆ ಎಳ್ಳು ಬೆಲ್ಲ ಕೊಡಲು ಹೋಗಿದ್ದೆ. ಕಟ್ಟೆಯ ಮೇಲೆ ಒಬ್ಬ ಹುಡುಗ ಕೂತಿದ್ದ. ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಮಗ್ಗುಲಲ್ಲಿ ಹೆಲ್ಮೆಟ್, ಕೈಯಲ್ಲಿ ಫೋನು. ಕಾಕು ಇದ್ದ ಗುಂಪಿನಲ್ಲಿ ಒಬ್ಬಳು ಫೈನಾನ್ಸಿನ ಕಂತು ಕಟ್ಟಿರಲಿಲ್ಲ, ಗುಂಪಿನ ಸಾಲದಲ್ಲಿ ಒಬ್ಬರು ತಪ್ಪಿದರೆ ಉಳಿದವರು ತುಂಬಬೇಕು. ಹುಡುಗ ಒರಟಾಗಿ ಏನೂ ಮಾತಾಡಲಿಲ್ಲ. “ಕಂತು ತುಂಬೂತನಕ ಏಳಂಗಿಲ್ರಿ ಕಾಕು, ನನ್ನ ಮ್ಯಾಲೂ ಮ್ಯಾನೇಜರ್ ಅದಾರ” ಅಂದ, ಅಷ್ಟೇ. ನಾಲ್ಕು ಗಂಟೆಗೆ ಬಂದವನು ಕತ್ತಲಾದರೂ ಏಳಲಿಲ್ಲ. ಓಣಿಯವರು ಹೋಗ್ತಾ ಬರ್ತಾ ನೋಡುತ್ತಿದ್ದರು. ಅದೇ ಅವನ ಆಯುಧ.

ನಾನು ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿದೆ. ಕಾಕುಗೆ ಸಿಟ್ಟು ಬಂತು. “ಇವತ್ತ ನೀ ಬಂದಿದ್ದಿ. ಮುಂದಿನ ವಾರ ಯಾರ ಬರ್ತಾರೋ?” ಅವನ ಫೋನಿನಲ್ಲಿ ಕಾಕುನ ಹೆಸರಿನ ಸಾಲು ಕೆಂಪಿನಿಂದ ಹಸಿರಾಯಿತು. ಅದು ನಮ್ಮ ಕಂಪನಿಯ ಆ್ಯಪ್ ಅಲ್ಲ. ಆದರೆ ನಮ್ಮ ಟೀಮು ಬೇರೊಬ್ಬ ಕ್ಲೈಂಟ್‌ಗೆ ಅಂಥದ್ದೇ ಸ್ಕ್ರೀನ್ ಮಾಡಿಕೊಟ್ಟಿದೆ. ಬಾಕಿ ಇಷ್ಟು ದಿನ ದಾಟಿದರೆ ಸಾಲು ಕೆಂಪಾಗಬೇಕು ಅನ್ನುವ ಕೋಡ್ ನಾನೇ ಬರೆದದ್ದು. ಆಟದಲ್ಲಿ ನಾನು ಆರ್ಥರ್ ಅಂದುಕೊಂಡಿದ್ದೆ. ಇಲ್ಲಿ ಆರ್ಥರ್ ಕಟ್ಟೆಯ ಮೇಲೆ ಕೂತಿದ್ದ. ನಾನು ಸ್ಟ್ರಾಸ್‌ನ ಖಾತೆ ಪುಸ್ತಕ ಬರೆದುಕೊಡುವವನು.

ಮರುತಿಂಗಳೇ, ಫೆಬ್ರುವರಿ 12ಕ್ಕೆ, ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. 10 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ. ಅದಕ್ಕೂ ಮೊದಲೇ, 2022ರ ರಿಸರ್ವ್ ಬ್ಯಾಂಕ್ ನಿಯಮಗಳ ಪ್ರಕಾರ, ಮೈಕ್ರೊಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತೆಯೂ ಇಲ್ಲ. ಸಂಜೆ 6 ಆದ ಮೇಲೆ ಆ್ಯಪಿನಲ್ಲಿ ‘ಭೇಟಿ’ ಬಟನ್ನೇ ಕೆಲಸ ಮಾಡಬಾರದು ಅಂತ ನಾನೊಂದು ಟಿಕೆಟ್ ಹಾಕಿದೆ. ಕ್ಲೈಂಟ್ ಕೇಳಿಲ್ಲವಲ್ಲ ಅಂದರು. ಟಿಕೆಟ್ ಇನ್ನೂ ಬ್ಯಾಕ್‌ಲಾಗಿನಲ್ಲಿದೆ.

ಊರಿಂದ ಬಂದ ಮೇಲೆ ಆಟಕ್ಕೆ ಮರಳಿದೆ. ಆರ್ಥರ್ ಕೆಮ್ಮಲು ಶುರು ಮಾಡಿದ್ದ, ಮುಖ ಬತ್ತಿತ್ತು. ಅವ್ವ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ನರ್ಸಬಾಯಿ ಆಗಿದ್ದವಳು. ಬಟ್ಟೆ ಮಡಚುತ್ತ ಸ್ಕ್ರೀನ್ ನೋಡಿ, “ಎರಡ ವಾರದ ಮ್ಯಾಲಿನ ಕೆಮ್ಮ ಇದ್ದಂಗೈತಿ, ಮೈನೂ ಇಳದೈತಿ. ಕಫಾ ಪರೀಕ್ಷಾ ಮಾಡಸ್ಕೋ ಅನ್ನ ಅವಗ” ಅಂದಳು. ಆಮೇಲೆ ಆರ್ಥರ್ ಸೇಂಟ್ ಡೆನಿಸ್‌ನ ಬೀದಿಯಲ್ಲಿ ಕುಸಿದು ಬಿದ್ದ. ಡಾಕ್ಟರ್ ಕ್ಷಯ ಅಂದ. ಡೌನ್ಸ್ ಮುಖಕ್ಕೆ ಕೆಮ್ಮಿದ್ದು ಅದೇ. ರಾಬರ್ಟ್ ಕಾಖ್ ಕ್ಷಯದ ರೋಗಾಣು ಕಂಡುಹಿಡಿದದ್ದು 1882ರಲ್ಲಿ, ಅದನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. 1899ರಲ್ಲಿ ಕಾಯಿಲೆಯ ಹೆಸರು ಗೊತ್ತು, ಔಷಧ ಇಲ್ಲ. “ಈಗ ಆಗಿದ್ರ ಆರು ತಿಂಗಳ ಗುಳಿಗಿ, ಸರಕಾರಿ ದವಾಖಾನ್ಯಾಗ ಪುಕ್ಕಟ” ಅಂತ ಅವ್ವ ಒಳಗೆ ಹೋದಳು. ನಿಜಕ್ಕೂ ಬೇಜಾರಾಗಿತ್ತು ಅವಳಿಗೆ.

ಆಗ ಆ ಬಟನ್ನಿನ ಅರ್ಥ ಹೊಳೆಯಿತು. ಡೌನ್ಸ್‌ನನ್ನು ಹೊಡೆಯದಿರುವ ಆಯ್ಕೆ ಕೊಟ್ಟಿದ್ದರೆ ನಾನು ಒಳ್ಳೆಯವನಾಗಿ ಪಾರಾಗಿಬಿಡುತ್ತಿದ್ದೆ. ಕೊಡಲಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಮಾತ್ರ ಸಾಲ ಮನ್ನಾ ಮಾಡುವ ಆಯ್ಕೆ ಬರುತ್ತೆ. ಗಣಿ ಊರಿನ ಒಬ್ಬ ವಿಧವೆಯ ಮುಂದೆ ಆರ್ಥರ್ ಕೈ ಚಾಚುವ ಬದಲು ಸಾಲ ಬಿಟ್ಟು ಬರಬಹುದು. ಸ್ಟ್ರಾಸ್‌ನನ್ನು ಕ್ಯಾಂಪಿನಿಂದ ಹೊರಗೆ ಹಾಕುವುದೂ ಅವನೇ. ಉಳಿದ ಹತ್ತಾರು ಮಿಷನ್‌ಗಳ ಬಿಗಿ ಹಿಡಿತಕ್ಕೆ ಈ ಸಮರ್ಥನೆ ಇಲ್ಲ. ಅಲ್ಲಿ ಬರೀ ಹಟ. ಮಧ್ಯದಲ್ಲಿ ಗ್ಯಾಂಗನ್ನು ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಆ ಭಾಗ ಪೂರ್ತಿ ತೆಗೆದುಹಾಕಿದ್ದರೂ ನಷ್ಟವಿರಲಿಲ್ಲ. ಆನ್‌ಲೈನ್ ಆಟಕ್ಕೆ ಇನ್ನು ದೊಡ್ಡ ಅಪ್‌ಡೇಟ್ ಕೊಡುವುದಿಲ್ಲ ಅಂತ ಕಂಪನಿಯೇ 2022ರಲ್ಲಿ ಹೇಳಿದೆ, ಅದರ ಆಸೆ ಬಿಡಿ.

ಇನ್ನೊಂದು ವಿಷಯ ನಮ್ಮ ಕಸುಬಿನವರಿಗೆ. ಆಟ ಬರುವ ಮುನ್ನ, 2018ರ ಅಕ್ಟೋಬರಿನಲ್ಲಿ, ಡ್ಯಾನ್ ಹೌಸರ್ ಸಂದರ್ಶನವೊಂದರಲ್ಲಿ ವಾರಕ್ಕೆ 100 ಗಂಟೆ ದುಡಿದದ್ದನ್ನು ಹೇಳಿ ಗದ್ದಲವಾಯಿತು. ಆಮೇಲೆ ಅದು ಬರವಣಿಗೆಯ ನಾಲ್ಕು ಜನರ ಮೂರು ವಾರದ ಮಾತು ಅಂತ ಸ್ಪಷ್ಟನೆ ಕೊಟ್ಟರು. ರಾಕ್‌ಸ್ಟಾರ್‌ನ ಸ್ಟುಡಿಯೊ ಬೆಂಗಳೂರಿನಲ್ಲೂ ಇದೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅದರೊಳಗೆ ಸೇರಿತು. ಆಟದ ಕೊನೆಗೆ ಬಹಳ ಹೊತ್ತು ಓಡುವ ಹೆಸರುಗಳ ಪಟ್ಟಿಯನ್ನು ಸ್ಕಿಪ್ ಮಾಡದೆ ನೋಡಿದೆ.

ತಗೋಬೇಕಾ? ಸೇಲ್ ಬಂದಾಗ ತಗೊಳ್ಳಿ, ಪೂರ್ತಿ ಬೆಲೆ ಕೊಡಬೇಡಿ. ಪಿಸಿಯಲ್ಲಿ 150 ಜಿಬಿ ಜಾಗ ಬೇಕು. ಮೊದಲ ಎರಡು ಗಂಟೆ ಬರೀ ಹಿಮ, ತಾಳ್ಮೆ ಇರಲಿ. ನಮ್ಮ ಕಡೆಯ ಹಾಗೆ ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ, ಮಿಷನ್ ಮಧ್ಯೆ ಸೇವ್ ಮಾಡಲು ಬಿಡುವುದಿಲ್ಲ.