ಮನೆಗೆ ಮೊದಲು ಮನೆವಾರ್ತೆ

ಸ್ವಂತ ಸೂರಿಗಾಗಿ ಹಣ ಕೂಡಿಡಲು ಹೊರಟ ನವದಂಪತಿಗಳು ಮೊದಲು ಕಡಿತಗೊಳಿಸುವುದು ಹಾಲು, ಮೀನು, ತರಕಾರಿಯ ಖರ್ಚನ್ನು. ಅಲ್ಲಿ ಉಳಿಯುವುದು ಅತ್ಯಲ್ಪ. ಹುಟ್ಟುವ ಕಿರಿಕಿರಿಯೋ ಅಪಾರ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿ ಮೀರಿದ, 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 80ನ್ನು ದಾಟುವಂತಿಲ್ಲ. ಅಂದರೆ 40 ಲಕ್ಷದ ಫ್ಲ್ಯಾಟಿಗೆ 8 ಲಕ್ಷವನ್ನು ದಂಪತಿಗಳೇ ಹೊಂದಿಸಬೇಕು. ಮುದ್ರಾಂಕ ಹಾಗೂ ನೋಂದಣಿ ಶುಲ್ಕ ಬೇರೆ. ತಿಂಗಳಿಗೆ 10,000 ರೂಪಾಯಿ ಉಳಿಸಿದರೆ, ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದಾಗ, 8 ಲಕ್ಷಕ್ಕೆ 80 ತಿಂಗಳು ಬೇಕು.

ಈಗ ನಮ್ಮ ಕರಾವಳಿಯ ಮದುವೆಗಳತ್ತ ನೋಡೋಣ. ಹಿಂದೆ ಮನೆಯಂಗಳದ ಚಪ್ಪರದಲ್ಲಿ, ನೆರೆಹೊರೆಯವರು ತೆಂಗಿನ ಹಾಲು ಹಚ್ಚಿ ಮುಗಿಸುತ್ತಿದ್ದ ರೋಸಿಗೂ ಇಂದು ಸಭಾಂಗಣ, ಸಂಗೀತ, ಭೂರಿ ಭೋಜನ! ಮದುವೆಗೆಂದು 3 ಲಕ್ಷ ಸಾಲ ಮಾಡಿದರೆ ಅದು 30 ತಿಂಗಳ ಉಳಿತಾಯವನ್ನು ಮುಂಗಡವಾಗಿಯೇ ನುಂಗಿತೆಂದು ಅರ್ಥ. ಈ ಲೆಕ್ಕವನ್ನು ಮದುವೆಗೆ ಮುನ್ನವೇ ಇಬ್ಬರೂ ಹೆತ್ತವರ ಮುಂದೆ ಇಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ನೆಂಟರು ಒಂದು ವಾರ ಆಡಿಕೊಂಡಾರು, ಅಷ್ಟೇ.

ಅರಿಸ್ಟಾಟಲನು ಮನೆವಾರ್ತೆಯನ್ನು ಹಣಗಳಿಕೆಯಿಂದ ಪ್ರತ್ಯೇಕಿಸಿದ್ದನು: ಮೊದಲನೆಯದಕ್ಕೆ ಮಿತಿಯುಂಟು, ಎರಡನೆಯದಕ್ಕಿಲ್ಲ. ಉಳಿತಾಯವೂ ಹಾಗೆ ಮಿತಿ ತಪ್ಪಬಲ್ಲದು. ಊರಿನಲ್ಲಿರುವ ತಾಯಿಯ ಔಷಧಿಗೆ ಕಳುಹಿಸುವ ಹಣವನ್ನು ನಿಲ್ಲಿಸುವುದು ಮಿತವ್ಯಯವಲ್ಲ.

ಸಂಬಳ ಬಂದ ದಿನವೇ ನಿಶ್ಚಿತ ಮೊತ್ತವನ್ನು ಆವರ್ತ ಠೇವಣಿಗೆ ತುಂಬುವುದು ಲೇಸು. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇವೆಂದರೆ ಉಳಿಯುವುದೇ ವಿರಳ. ಲೆಕ್ಕದ ಪುಸ್ತಕ ಇಬ್ಬರ ಕೈಗೂ ಸಿಗುವಂತಿರಲಿ. ಗಂಡನಿಗೆ ತಿಳಿಯದ ಚೀಟಿ, ಹೆಂಡತಿಗೆ ತಿಳಿಯದ ಕ್ರೆಡಿಟ್ ಕಾರ್ಡು ಇದ್ದರೆ ಮೊದಲು ಅದರಲ್ಲಿ ಬರೆಯಬೇಕಾದದ್ದು ಅವನ್ನೇ.